ಆಸ್ಪತ್ರೆಯ ಹನ್ನೊಂದು ದಿನ, ಮನೆಯ ಹತ್ತು ತಿಂಗಳು

2024ರ ಜುಲೈ ಕೊನೆಯ ಮಳೆಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ವಾಹನ ಸಂಚಾರ ನಿಂತದ್ದು ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಸಕಲೇಶಪುರದ ಪೇಟೆಯಿಂದ ಒಳಗಿರುವ ನಮ್ಮ ಮನೆಯಲ್ಲಿ ಅದೇ ವಾರ ನಾಲ್ಕು ದಿನ ಕರೆಂಟು ಇರಲಿಲ್ಲ ಎಂಬುದು ಸುದ್ದಿಯಾಗುವ ಸಂಗತಿಯಲ್ಲ. ಮರ ಬಿದ್ದು ತಂತಿ ಹರಿಯುವುದು ಮಲೆನಾಡಿನವರಿಗೆ ಮಳೆಗಾಲದ ಒಂದು ಭಾಗವೇ. ಆದರೆ ಆ ವರ್ಷ ನಡುಮನೆಗೆ ಹೊಂದಿಕೊಂಡ ಕೋಣೆಯಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು, ಅವಳ ಮೈಯ ಕೆಳಗೆ ಏರ್ ಬೆಡ್ ಇತ್ತು, ಮತ್ತು ಏರ್ ಬೆಡ್ಡಿನ ಮೋಟಾರು ಕರೆಂಟಿನಿಂದ ನಡೆಯುತ್ತಿತ್ತು.

ಈ ಏರ್ ಬೆಡ್ ಎಂಬುದನ್ನು ಹತ್ತಿರದಿಂದ ನೋಡದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ದಪ್ಪ ಪ್ಲಾಸ್ಟಿಕ್ಕಿನ ಹಾಸು, ಅದರ ಮೇಲೆಲ್ಲ ಉಬ್ಬುಗುಳ್ಳೆಗಳು, ಮಂಚದ ಕಾಲಿನ ಕಡೆ ನೇತುಹಾಕಿದ ಊಟದ ಡಬ್ಬಿಯಷ್ಟು ದೊಡ್ಡ ಮೋಟಾರು. ಅದು ಗುಂಯ್ ಎನ್ನುತ್ತಾ ಒಂದು ಸಾಲಿನ ಗಾಳಿಯನ್ನು ಇಳಿಸಿ ಮತ್ತೊಂದು ಸಾಲಿಗೆ ತುಂಬುತ್ತಿರುತ್ತದೆ. ಹಾಗಾಗಿ ಮಲಗಿದವರ ಭಾರ ಒಂದೇ ಜಾಗದ ಮೇಲೆ ಕೂರದೆ ಚರ್ಮಕ್ಕೆ ರಕ್ತ ಹರಿಯುತ್ತದೆ. ಮೋಟಾರು ನಿಂತರೆ ಗಾಳಿ ಮೆಲ್ಲನೆ ಇಳಿದು ಅದು ಬರಿಯ ಪ್ಲಾಸ್ಟಿಕ್ ಹಾಳೆಯಾಗುತ್ತದೆ, ಬೆವರು ಕೆಳಗೇ ನಿಲ್ಲುತ್ತದೆ. ಯುಪಿಎಸ್ ಮೊದಲ ರಾತ್ರಿಯೇ ಕೈಬಿಟ್ಟಿತು. ಆಮೇಲಿನ ಮೂರು ಹಗಲು ಮೂರು ರಾತ್ರಿ ನನ್ನ ಹೆಂಡತಿ ಎರಡು ಗಂಟೆಗೊಮ್ಮೆ ಎದ್ದು, ಅವ್ವನ ಮಂಡಿ ಮಡಚಿಸಿ, ಸೊಂಟದ ಕೆಳಗೆ ಕೈಕೊಟ್ಟು, ಬೆನ್ನಿಗೆ ಹಳೆಯ ಕಂಬಳಿಯ ಸುರುಳಿ ಒರಗಿಸಿ ಮಗ್ಗುಲು ಬದಲಿಸಿದಳು. ಪ್ರತಿ ಸಲವೂ ಒಂದು ನೋಟ್ ಪುಸ್ತಕದಲ್ಲಿ ಗಂಟೆ ಬರೆದು ಎದುರಿಗೆ ‘ಎಡ’, ‘ಬಲ’, ‘ಅಂಗಾತ’ ಎಂದು ಗುರುತು ಹಾಕಿದಳು. ನಾನು ಟಾರ್ಚು ಹಿಡಿದುಕೊಂಡಿದ್ದೆ. ಇಷ್ಟಾದರೂ ನಾಲ್ಕನೆಯ ದಿನ ಬಾಲಮೂಳೆಯ ಮೇಲೆ ಎರಡು ರೂಪಾಯಿ ನಾಣ್ಯದಷ್ಟಗಲದ ಕೆಂಪು ಕಾಣಿಸಿಕೊಂಡಿತು, ವಾರದೊಳಗೆ ಅಲ್ಲಿ ಚರ್ಮ ಬಿರಿಯಿತು.

ನಮ್ಮ ದೇಶದ ಆರೋಗ್ಯ ವ್ಯವಸ್ಥೆ ಮುಂದಿನ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ವಯಸ್ಸಾದವರನ್ನು ಹೇಗೆ ನೋಡಿಕೊಳ್ಳಬೇಕೆಂಬ ಚರ್ಚೆಯನ್ನು ಓದುವಾಗಲೆಲ್ಲ ನನಗೆ ನೆನಪಾಗುವುದು ಆ ನೋಟ್ ಪುಸ್ತಕ. ಚರ್ಚೆಯಲ್ಲಿ ಹಾಸಿಗೆಗಳ ಸಂಖ್ಯೆ ಇರುತ್ತದೆ, ವಿಮೆಯ ಮೊತ್ತ ಇರುತ್ತದೆ, ತಜ್ಞರ ಕೊರತೆ ಇರುತ್ತದೆ. ರಾತ್ರಿ ಎರಡು ಗಂಟೆಗೆ ಮಗ್ಗುಲು ಬದಲಿಸುವವರು ಯಾರು ಎಂಬ ಪ್ರಶ್ನೆ ಮಾತ್ರ ಹೆಚ್ಚಾಗಿ ಕಾಣಿಸುವುದಿಲ್ಲ. ಮುಪ್ಪಿನ ಬಹುಪಾಲು ಕಳೆಯುವುದು ಮನೆಯಲ್ಲಿ, ನಮ್ಮ ಯೋಜನೆಗಳ ಬಹುಪಾಲು ದುಡ್ಡು ಖರ್ಚಾಗುವುದು ಆಸ್ಪತ್ರೆಯಲ್ಲಿ.

ಅವ್ವ ಬಿದ್ದದ್ದು 2023ರ ನವೆಂಬರ್‌ನಲ್ಲಿ, ಅರೇಬಿಕಾ ಕುಯ್ಲು ಶುರುವಾದ ವಾರ, ಬಚ್ಚಲಿನ ಹೊಸ್ತಿಲಲ್ಲಿ. ಆಗ ಅವಳಿಗೆ ಎಂಬತ್ತಮೂರು. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಚೆನ್ನಾಗಿಯೇ ಆಯಿತು. ಆ ಕೆಲಸದ ಬಗ್ಗೆ ನನಗೆ ದೂರಿಲ್ಲ. ಹನ್ನೊಂದನೆಯ ದಿನ ಮನೆಗೆ ಕಳಿಸುವಾಗ ಕೊಟ್ಟ ಕಾಗದದ ಕೊನೆಯಲ್ಲಿ, ಬೆನ್ನುಹುಣ್ಣಾಗದಂತೆ ನೋಡಿಕೊಳ್ಳಬೇಕು, ಫಿಸಿಯೋಥೆರಪಿ ಮುಂದುವರಿಸಬೇಕು ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ಇತ್ತು. ಹೇಗೆ, ಯಾರಿಂದ, ಎಲ್ಲಿ ಎಂಬುದನ್ನು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೇಳಬೇಕೆಂಬುದೇ ನಮಗೆ ಹೊಳೆದಿರಲಿಲ್ಲ. ಹತ್ತು ತಿಂಗಳ ನಂತರ, 2024ರ ಸೆಪ್ಟೆಂಬರ್‌ನಲ್ಲಿ, ಅವ್ವ ಮನೆಯಲ್ಲೇ ತೀರಿಕೊಂಡಳು.

ತೋಟದ ಲೆಕ್ಕ ಬರೆದು ಅಭ್ಯಾಸವಾದವನು ನಾನು, ಹಾಗಾಗಿ ಇದರ ಲೆಕ್ಕವೂ ಇದೆ. ಆಸ್ಪತ್ರೆಗೆ ತಗುಲಿದ್ದು 2 ಲಕ್ಷದ 10 ಸಾವಿರ ರೂಪಾಯಿ. ಮನೆಯ ಹತ್ತು ತಿಂಗಳಿಗೆ ತಗುಲಿದ್ದು 3 ಲಕ್ಷದ 40 ಸಾವಿರ. ಎರಡನೆಯದರಲ್ಲಿ ಐದು ತಿಂಗಳ ಹೋಮ್ ನರ್ಸ್ ಸಂಬಳ ಮತ್ತು ಏಜೆನ್ಸಿಯವರ ಕಮಿಷನ್ನೇ 1 ಲಕ್ಷದ 32 ಸಾವಿರ. ಡಯಾಪರ್, ಅಂಡರ್‌ಪ್ಯಾಡುಗಳಿಗೆ 55 ಸಾವಿರ. ಮಂಚ, ಏರ್ ಬೆಡ್, ಗಾಲಿಕುರ್ಚಿ, ಕಮೋಡ್ ಕುರ್ಚಿಗೆ 38 ಸಾವಿರ. ಉಳಿದದ್ದು ಫಿಸಿಯೋಥೆರಪಿ, ಔಷಧಿ, ವಾಹನದ ಬಾಡಿಗೆ. ನನ್ನ ಹೆಂಡತಿಯ ಹತ್ತು ತಿಂಗಳನ್ನು ಇದರಲ್ಲಿ ಯಾವ ಕಾಲಮ್ಮಿಗೂ ಬರೆದಿಲ್ಲ. ಬರೆಯಲು ಹೊರಟಿದ್ದರೆ ಉಳಿದ ಅಂಕಿಗಳು ಸಣ್ಣವಾಗಿ ಕಾಣುತ್ತಿದ್ದವು.

ಅವ್ವ ಹೋದ ಮುಂದಿನ ತಿಂಗಳು, ಅಕ್ಟೋಬರ್ 29ರಂದು, ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ ಯೋಜನೆಯನ್ನು ಎಪ್ಪತ್ತು ದಾಟಿದ ಎಲ್ಲರಿಗೂ, ಅವರ ಆದಾಯ ಎಷ್ಟೇ ಇರಲಿ, ವಿಸ್ತರಿಸಿತು. ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ‘ವಯೋವಂದನಾ’ ಎಂಬ ಕಾರ್ಡು. ಇದರಿಂದ ಸುಮಾರು 6 ಕೋಟಿ ಹಿರಿಯರಿಗೆ ಅನುಕೂಲವಾಗುತ್ತದೆ ಎಂದು ಸರ್ಕಾರ ಹೇಳಿತು. ಒಳ್ಳೆಯ ಹೆಜ್ಜೆ ಎಂಬುದರಲ್ಲಿ ಅನುಮಾನವಿಲ್ಲ. ನಮ್ಮಂಥ ಎಪಿಎಲ್ ಕುಟುಂಬಗಳಿಗೆ ರಾಜ್ಯದ ಯೋಜನೆಯಲ್ಲಿ ಪ್ಯಾಕೇಜ್ ದರದ, ಅಂದರೆ ಆಯಾ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ, ಶೇ. 30ರಷ್ಟು ಮಾತ್ರ ಸಿಗುತ್ತಿದ್ದ ಕಡೆ ಅದು ದೊಡ್ಡದೇ. ಆದರೆ ಆ ಕಾರ್ಡು ಒಂದು ವರ್ಷ ಮೊದಲೇ ಅವ್ವನ ಕೈಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿ ನೋಡಿದೆ. ಈ ವಿಮೆ ಒಳರೋಗಿಯಾಗಿ ದಾಖಲಾದವರಿಗೆ. ದಾಖಲಾಗುವ ಮೊದಲಿನ 3 ದಿನ, ಬಿಡುಗಡೆಯಾದ ನಂತರದ 15 ದಿನಗಳ ಖರ್ಚು ಇದರೊಳಗೆ ಬರುತ್ತದೆ. ಅಂದರೆ ಮೊದಲಿನ 2 ಲಕ್ಷದ 10 ಸಾವಿರ ಉಳಿಯುತ್ತಿತ್ತು. ಹದಿನಾರನೆಯ ದಿನದಿಂದ ಮುಂದಕ್ಕೆ ನಾವು ಆಗ ಎಲ್ಲಿದ್ದೆವೋ ಅಲ್ಲೇ ಇರುತ್ತಿದ್ದೆವು.

ಸರ್ಕಾರಕ್ಕೆ ಇದು ತಿಳಿಯದ ಸಂಗತಿಯೇನಲ್ಲ ಎಂಬುದು ನನಗೆ ಹೆಚ್ಚು ಆಶ್ಚರ್ಯ ತಂದ ವಿಷಯ. ಹಿರಿಯರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮ 2010-11ರಲ್ಲೇ ಶುರುವಾಗಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನ ಹಿರಿಯರ ಕ್ಲಿನಿಕ್, ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆರಡು ದಿನ ಮತ್ತು ಫಿಸಿಯೋಥೆರಪಿ, ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಗಳ ಪ್ರತ್ಯೇಕ ವಾರ್ಡು ಎಂದು ಅದರಲ್ಲಿ ಬರೆದಿದೆ. ಅದಕ್ಕಿಂತ ಮುಖ್ಯವಾಗಿ, ಹಾಸಿಗೆ ಹಿಡಿದವರ ಮನೆಗೆ ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆ ಹೋಗಬೇಕು, ನೋಡಿಕೊಳ್ಳುವವರಿಗೆ ಹೇಗೆ ನೋಡಿಕೊಳ್ಳಬೇಕೆಂದು ಕಲಿಸಬೇಕು, ಊರುಗೋಲು, ವಾಕರ್‌ನಂಥ ಸಾಧನಗಳನ್ನು ಒದಗಿಸಬೇಕು ಎಂಬುದೂ ಅದರಲ್ಲೇ ಇದೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ತರುವ ತಪಾಸಣಾ ನಮೂನೆಯಲ್ಲಿ ಅರವತ್ತು ದಾಟಿದವರಿಗೆಂದೇ ಪ್ರಶ್ನೆಗಳಿವೆ: ನಿಂತಾಗ ನಡೆದಾಗ ಮೈ ತೂಗಾಡುತ್ತದೆಯೇ, ದಿನನಿತ್ಯದ ಕೆಲಸಗಳಿಗೆ ಇನ್ನೊಬ್ಬರ ನೆರವು ಬೇಕೇ, ಹತ್ತಿರದವರ ಹೆಸರು, ಮನೆಯ ವಿಳಾಸ ಮರೆತುಹೋಗುತ್ತದೆಯೇ. ಅವ್ವ ಬೀಳುವ ಮೊದಲೇ ನಮ್ಮ ಮನೆಗೂ ಬಂದು ಕೇಳಿದ್ದರು. ಮೈ ತೂಗಾಡುತ್ತದೆ ಎಂದು ಹೇಳಿದ್ದೆವು, ಅವರು ಬರೆದುಕೊಂಡಿದ್ದರು. ಬರೆದುಕೊಂಡ ಮೇಲೆ ಆಗಬೇಕಾದ್ದಕ್ಕೆ ಅವರ ಕೈಯಲ್ಲಿ ಏನೂ ಇರಲಿಲ್ಲ. ಅದಕ್ಕೆ ಅವರನ್ನು ದೂರುವುದು ತಪ್ಪು. ಬಚ್ಚಲಿಗೆ ಹಿಡಿಕೆ ಹಾಕಿಸಿ ಎಂದು ಒಂದು ಮಾತು ಹೇಳುವವರು ಇದ್ದಿದ್ದರೆ ಸಾಕಿತ್ತು. ಮುನ್ನೂರೈವತ್ತು ರೂಪಾಯಿಯ ಸ್ಟೀಲ್ ಹಿಡಿಕೆಯನ್ನು ನಾನು ಹಾಕಿಸಿದ್ದು ಅವ್ವ ಮತ್ತೆಂದೂ ಬಚ್ಚಲಿಗೆ ನಡೆದು ಹೋಗಲಾರಳು ಎಂಬುದು ಗೊತ್ತಾದ ಮೇಲೆ.

ಕಾಗದದ ಮೇಲಿನ ವ್ಯವಸ್ಥೆ ನೆಲದ ಮೇಲೆ ಯಾಕೆ ತೆಳುವಾಗುತ್ತದೆ ಎಂಬುದಕ್ಕೆ ಸಾಮಾನ್ಯ ಗುಣಾಕಾರ ಸಾಕು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅರವತ್ತು ದಾಟಿದವರು ಸುಮಾರು ಶೇ. 9.5. ಗುಡ್ಡಗಾಡಿನಲ್ಲಿ 20 ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ನಿಯಮ. ಅಂದರೆ ಒಂದು ಕೇಂದ್ರದ ವ್ಯಾಪ್ತಿಯಲ್ಲಿ 1,900 ಹಿರಿಯರು. ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4 ಜನರಿಗೆ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಆ ಪ್ರಮಾಣವನ್ನೇ ಹಿಡಿದರೆ ಒಂದು ಕೇಂದ್ರಕ್ಕೆ ಇಂಥವರೇ 140 ಮಂದಿ, ಸಾವಿರ ಜನರನ್ನು ನೋಡಿಕೊಳ್ಳುವ ಒಬ್ಬ ಆಶಾ ಕಾರ್ಯಕರ್ತೆಗೆ ಏಳು ಮಂದಿ. ಬಯಲುಸೀಮೆಯ ಒಂದು ಊರಿನಲ್ಲಿ ಸಾವಿರ ಜನ ನಾಲ್ಕು ಬೀದಿಗಳಲ್ಲಿ ಸಿಗುತ್ತಾರೆ. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಒಂದು ತೋಟ, ಒಂದು ಹಳ್ಳ ದಾಟಬೇಕು.

ಅದೂ ರಾಜ್ಯದ ಸರಾಸರಿ ಹಿಡಿದು ಹಾಕಿದ ಲೆಕ್ಕ. 2001ರಿಂದ 2011ರ ನಡುವೆ ಕರ್ನಾಟಕದ ಜನಸಂಖ್ಯೆ ಶೇ. 15ಕ್ಕಿಂತ ಹೆಚ್ಚು ಬೆಳೆದರೆ, ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905ರಿಂದ 11,37,961ಕ್ಕೆ ಇಳಿಯಿತು. ನಮ್ಮ ಹಾಸನ ಜಿಲ್ಲೆಯದು ಶೇ. 3ರ ಆಸುಪಾಸಿನಲ್ಲಿ ಮಾತ್ರ ಏರಿತು. ಹುಟ್ಟುವ ಮಕ್ಕಳು ಕಡಿಮೆಯಾದರು, ಹುಟ್ಟಿದವರು ಓದಿ ಬೆಂಗಳೂರಿಗೆ ಹೋದರು, ಉಳಿದವರಿಗೆ ವಯಸ್ಸಾಯಿತು. ನಮ್ಮ ಸುತ್ತಿನ ಹನ್ನೆರಡು ಮನೆಗಳಲ್ಲಿ ಏಳರಲ್ಲಿ ಇರುವವರೆಲ್ಲ ಅರವತ್ತು ದಾಟಿದವರೇ. 2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ಹೋಗಿರುವುದರಿಂದ, ಮಲೆನಾಡಿನ ಒಂದು ತಾಲ್ಲೂಕಿಗೆ ಎಷ್ಟು ಫಿಸಿಯೋಥೆರಪಿಸ್ಟರು ಬೇಕೆಂದು ಇಂದು ಯೋಜನೆ ಹಾಕುವವರು ಹದಿನೈದು ವರ್ಷ ಹಿಂದಿನ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಬೇಕಾಗಿದೆ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿಯಂತೆ 2050ರ ಹೊತ್ತಿಗೆ ದೇಶದ ಐವರಲ್ಲಿ ಒಬ್ಬರು ಅರವತ್ತು ದಾಟಿರುತ್ತಾರೆ. ನಮ್ಮ ಹೋಬಳಿ 2050ಕ್ಕೆ ಕಾಯದೆ ಮುಂದೆ ಹೋಗಿಬಿಟ್ಟಿದೆ.

ಫಿಸಿಯೋಥೆರಪಿಸ್ಟ್ ವಿಷಯ ಬಂದದ್ದರಿಂದ ಹೇಳುತ್ತೇನೆ. ಅವ್ವನಿಗೆ ವ್ಯಾಯಾಮ ಮಾಡಿಸಲು ಪೇಟೆಯಿಂದ ಬೈಕಿನಲ್ಲಿ ಬರುತ್ತಿದ್ದ ಹುಡುಗ ಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಮೃದು. ಮೊದಲ ಎರಡು ತಿಂಗಳಲ್ಲಿ ಅವ್ವ ವಾಕರ್ ಹಿಡಿದು ಜಗುಲಿಯವರೆಗೆ ಬರುವಂತಾದದ್ದು ಅವನಿಂದಲೇ. ಆಲೂರು–ಸಕಲೇಶಪುರದ ಕಡೆಯವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ: ಫೆಬ್ರುವರಿಯಲ್ಲಿ ಆನೆಗಳ ಹಿಂಡು ನಮ್ಮ ತೋಟದ ಸಾಲಿಗೆ ಬಂದಿತು, ಸಂಜೆ ಐದರ ಮೇಲೆ ಓಡಾಡಬೇಡಿ ಎಂಬ ಸಂದೇಶ ಎಲ್ಲರ ಮೊಬೈಲಿಗೂ ಬಂದಿತು. ಪೇಟೆಯ ಕ್ಲಿನಿಕ್ಕಿನ ಕೆಲಸ ಮುಗಿಸಿ ನಾಲ್ಕೂವರೆಗೆ ಹೊರಡುವ ಹುಡುಗ ಬರುವುದು ಬಿಟ್ಟುಹೋಯಿತು. ಮೂರು ವಾರ ವ್ಯಾಯಾಮ ತಪ್ಪಿತು. ಮಂಡಿ ಬಿಗಿಯಿತು, ಅವ್ವನಿಗೆ ಹೆದರಿಕೆ ಹೊಕ್ಕಿತು, “ಬ್ಯಾಡ ಕಣ್ ಮಗ, ಮತ್ತೆ ಬಿದ್ರೆ ನಿಮ್ಗೇ ಕಷ್ಟ” ಎಂದು ಏಳುವುದನ್ನೇ ನಿಲ್ಲಿಸಿದಳು. ಅಲ್ಲಿಂದ ಮುಂದೆ ಅವಳು ನಡೆಯಲಿಲ್ಲ. ಆನೆಗೂ ಮುಪ್ಪಿನ ಆರೈಕೆಗೂ ಸಂಬಂಧವಿದೆ ಎಂದು ದೆಹಲಿಯಲ್ಲಿ ಕೂತು ಯೋಜನೆ ಬರೆಯುವವರಿಗೆ ಹೊಳೆಯಲಾರದು. ತಾಲ್ಲೂಕಿನಲ್ಲಿ ಕೂತು ಬರೆಯುವವರಿಗೆ ಹಗಲು ಹೊತ್ತಿನಲ್ಲಿ, ಒಂದು ಜೀಪಿನಲ್ಲಿ, ಸರ್ಕಾರಿ ಸಂಬಳದ ಫಿಸಿಯೋಥೆರಪಿಸ್ಟರನ್ನು ಕಳಿಸಬೇಕೆಂದು ಹೊಳೆಯುತ್ತಿತ್ತು.

ಹೋಮ್ ನರ್ಸ್ ಎಂದು ನಾವು ಕರೆಯುವವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರಲ್ಲ. ನಮ್ಮಲ್ಲಿಗೆ ಬಂದವರು ಉತ್ತರ ಕರ್ನಾಟಕದ ಕಡೆಯ ಒಬ್ಬ ಹೆಣ್ಣುಮಗಳು, ಎರಡು ಮಕ್ಕಳನ್ನು ತಾಯಿಯ ಮನೆಯಲ್ಲಿ ಬಿಟ್ಟು ಬಂದಿದ್ದವರು. ಅವರಿಗೆ ಏಜೆನ್ಸಿ ಕೊಟ್ಟ ತರಬೇತಿ ಎರಡು ದಿನದ್ದು. ಅವರು ಕೆಲಸವನ್ನು ಮನಸ್ಸಿಟ್ಟು ಮಾಡಿದರು, ಆದರೆ ರಜೆಯಿಲ್ಲದೆ ದಿನದ ಇಪ್ಪತ್ತನಾಲ್ಕು ಗಂಟೆ ಒಬ್ಬರಿಂದ ದುಡಿಸುವುದು ನ್ಯಾಯವಲ್ಲ ಎಂಬುದು ನಮಗೂ ಗೊತ್ತಿತ್ತು, ಗೊತ್ತಿದ್ದೂ ದುಡಿಸಿದೆವು. ಮನೆಯಲ್ಲಿ ಆರೈಕೆ ಮಾಡುವ ಸಂಸ್ಥೆಗಳ ನೋಂದಣಿಗೆ, ಗುಣಮಟ್ಟಕ್ಕೆ ನಿಯಮ ತರುವ ಅಂಶ 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಹಿರಿಯ ನಾಗರಿಕರ ಕಾಯ್ದೆಯ ತಿದ್ದುಪಡಿ ಮಸೂದೆಯಲ್ಲಿ ಇತ್ತು. ಆ ಮಸೂದೆ ಕಾಯ್ದೆಯಾಗಲಿಲ್ಲ. ಈಗಲೂ ಇರುವುದು 2007ರ ಕಾಯ್ದೆಯೇ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯವರ ಮುಂದೆ ದೂರು ಕೊಟ್ಟು ತಿಂಗಳಿಗೆ ಗರಿಷ್ಠ 10 ಸಾವಿರ ರೂಪಾಯಿ ಜೀವನಾಂಶ ಪಡೆಯಬಹುದು ಎನ್ನುವಂಥದ್ದು. ಮಕ್ಕಳು ನೋಡಿಕೊಳ್ಳುವುದಿಲ್ಲ ಎಂಬುದಕ್ಕೆ ಕಾನೂನು ಇದೆ. ನೋಡಿಕೊಳ್ಳಲು ಹೊರಟ ಮಕ್ಕಳಿಗೆ, ಹೆಚ್ಚಾಗಿ ಸೊಸೆಯಂದಿರಿಗೆ, ಬೆನ್ನಿಗೆ ನಿಲ್ಲುವಂಥದ್ದು ಏನಿದೆ ಎಂದು ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ.

ಇದೆಲ್ಲ ಒಂದಿಷ್ಟು ಗದ್ದೆ ತೋಟ ಇರುವ, ಸಾಲ ಹುಟ್ಟುವ ಮನೆಯ ಕಥೆ. ಎಸ್ಟೇಟಿನ ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಗಳಲ್ಲಿ ಮುಪ್ಪು ಬೇರೆ. ಕೆಲಸ ಮಾಡುವಷ್ಟು ದಿನ ಎಸ್ಟೇಟಿನ ಲೈನಿನಲ್ಲಿ ಜಾಗ. ಮೈ ಬಗ್ಗದ ಮೇಲೆ ಮನೆಯಲ್ಲಿ ಇನ್ನೊಬ್ಬರು ಕೆಲಸಕ್ಕೆ ಬರುತ್ತಿದ್ದರಷ್ಟೇ ಆ ಜಾಗ ಉಳಿಯುತ್ತದೆ. ಮಗ ಸೊಸೆ ಇಬ್ಬರೂ ಎಂಟು ಗಂಟೆಗೆ ತೋಟಕ್ಕೆ ಹೋದರೆ ಹಾಸಿಗೆ ಹಿಡಿದ ಅಜ್ಜಿಯ ಪಕ್ಕ ಸಂಜೆಯವರೆಗೆ ಇರುವುದು ಒಂದು ಚೊಂಬು ನೀರು. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ ಬರುವ 1,200 ರೂಪಾಯಿ ಡಯಾಪರಿಗೂ ಸಾಲುವುದಿಲ್ಲ, ಆದ್ದರಿಂದ ಅಲ್ಲಿ ಡಯಾಪರ್ ಎಂಬ ಮಾತೇ ಇಲ್ಲ, ಹಳೆಯ ಸೀರೆಯಿದೆ.

ಬೇರೆ ಕಡೆ ಏನು ಮಾಡಿದ್ದಾರೆಂದು ಅವ್ವ ಹೋದ ಮೇಲೆ ಕೂತು ಓದಿದೆ. ಜಪಾನ್ 2000ನೆಯ ಇಸವಿಯ ಏಪ್ರಿಲ್‌ನಲ್ಲಿ ದೀರ್ಘಕಾಲದ ಆರೈಕೆಗೆಂದೇ ಬೇರೆ ವಿಮೆ ತಂದಿತು; ನಲವತ್ತು ದಾಟಿದ ಪ್ರತಿಯೊಬ್ಬರೂ ಕಂತು ಕಟ್ಟುತ್ತಾರೆ, ಮನೆಗೆ ಬಂದು ಸ್ನಾನ ಮಾಡಿಸುವುದೂ ಅದರೊಳಗೆ ಸೇರಿದೆ. ಇಂಗ್ಲೆಂಡಿನದು ಎಚ್ಚರಿಕೆಯ ಕಥೆ. 1948ರಲ್ಲಿ ಅವರು ಕಟ್ಟಿದ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಆಸ್ಪತ್ರೆ ಉಚಿತ, ಆದರೆ ಉಣ್ಣಿಸುವ, ಎಬ್ಬಿಸುವ, ತೊಳೆಯುವ ಆರೈಕೆ ಆರೋಗ್ಯ ಸೇವೆಯ ಹೊರಗೆ ಉಳಿಯಿತು. ಅದಕ್ಕೆ 23,250 ಪೌಂಡಿಗಿಂತ ಹೆಚ್ಚು ಆಸ್ತಿ ಉಳಿತಾಯ ಇದ್ದವರು ಕೈಯಿಂದಲೇ ಕೊಡಬೇಕು. ಒಬ್ಬರು ಬದುಕಿಡೀ ಕೊಡುವ ಮೊತ್ತಕ್ಕೆ 86 ಸಾವಿರ ಪೌಂಡಿನ ಮಿತಿ ಹಾಕುತ್ತೇವೆಂದು 2021ರಲ್ಲಿ ಹೇಳಿ, ಮುಂದೂಡಿ, 2024ರ ಜುಲೈನಲ್ಲಿ ಕೈಬಿಟ್ಟರು. ಅಷ್ಟು ಹಣವಂತ ದೇಶವೂ ಆಸ್ಪತ್ರೆಯನ್ನು ಒಂದು ಇಲಾಖೆಗೆ, ಆರೈಕೆಯನ್ನು ಇನ್ನೊಂದಕ್ಕೆ ಹಂಚಿದ ತಪ್ಪನ್ನು ಎಪ್ಪತ್ತೈದು ವರ್ಷವಾದರೂ ಸರಿಪಡಿಸಿಕೊಳ್ಳಲಾಗಿಲ್ಲ. ನಾವು ಈಗಷ್ಟೇ ಕಟ್ಟುತ್ತಿದ್ದೇವೆ, ಅದೇ ಗೋಡೆಯನ್ನು ಎಬ್ಬಿಸುತ್ತಿದ್ದೇವೆ.

ಅಷ್ಟು ದೂರ ಹೋಗುವುದೂ ಬೇಡ. ಕೇರಳ 2008ರಲ್ಲಿ ಉಪಶಾಮಕ ಆರೈಕೆಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ನರಳಾಟ ತಗ್ಗಿಸುವ ಆರೈಕೆಗೆ, ನೀತಿ ಮಾಡಿ, ಪಂಚಾಯಿತಿ ಮಟ್ಟದಲ್ಲಿ ನರ್ಸ್ ಮತ್ತು ಊರಿನ ಸ್ವಯಂಸೇವಕರು ಹಾಸಿಗೆ ಹಿಡಿದವರ ಮನೆಗೆ ಹೋಗುವ ಪದ್ಧತಿ ಬೆಳೆಸಿತು. ತಮಿಳುನಾಡು 2021ರ ಆಗಸ್ಟ್‌ನಿಂದ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆ ಬಾಗಿಲಿಗೆ ಕೊಡುತ್ತಿದೆ, ಫಿಸಿಯೋಥೆರಪಿಯನ್ನೂ ಅದೇ ಯೋಜನೆಯಲ್ಲಿ ಸೇರಿಸಿದೆ. ನಮ್ಮ ಪಂಚಾಯಿತಿಗಳು ರಸ್ತೆ, ಚರಂಡಿ, ಬೀದಿದೀಪ ನೋಡಿಕೊಳ್ಳುತ್ತವೆ. ತನ್ನ ವ್ಯಾಪ್ತಿಯಲ್ಲಿ ಹಾಸಿಗೆ ಹಿಡಿದವರು ಎಷ್ಟು ಮಂದಿ, ಯಾವ ಮನೆಯಲ್ಲಿ ಎಂಬ ಒಂದು ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿದ್ದನ್ನು ನಾನು ಕೇಳಿಲ್ಲ. ಆ ಪಟ್ಟಿಯಿಂದ ಶುರು ಮಾಡಬಹುದು. ಅದಕ್ಕೆ ಕೇಂದ್ರದ ಅನುದಾನ ಬೇಡ, ಆಶಾ ಕಾರ್ಯಕರ್ತೆಯರಿಗೆ ಆ ಕೆಲಸಕ್ಕೆ ಸರಿಯಾದ ಸಂಭಾವನೆ ಸಾಕು.

ಇನ್ನೊಂದು ಸಣ್ಣ ವಿಷಯವಿದೆ, ಇದನ್ನು ನಾನು ಸಿಕ್ಕವರಿಗೆಲ್ಲ ಹೇಳಿ ಬೇಸರ ಹಿಡಿಸಿದ್ದೇನೆ. ನಮ್ಮ ಕಡೆ ಯಾವ ಮನೆಯ ಅಟ್ಟ ಹತ್ತಿದರೂ ಒಂದು ವಾಕರ್, ಒಂದು ಕಮೋಡ್ ಕುರ್ಚಿ, ಕೆಲವೆಡೆ ಗಾಲಿಕುರ್ಚಿಯೂ ಸಿಗುತ್ತದೆ. ಹಿರಿಯರು ಹೋದ ಮೇಲೆ ಅವನ್ನು ಯಾರಿಗಾದರೂ ಕೊಡಲು ಸಂಕೋಚ, ಕೇಳಲು ಇನ್ನೂ ಸಂಕೋಚ, ಸತ್ತವರ ಸಾಮಾನು ಎಂಬ ಅಳುಕು ಬೇರೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಒಂದು ಕೋಣೆಯಲ್ಲಿ ಇವನ್ನೆಲ್ಲ ತಂದಿಟ್ಟು, ತೊಳೆದು, ರಿಪೇರಿ ಮಾಡಿಸಿ, ಗ್ರಂಥಾಲಯದ ಪುಸ್ತಕದಂತೆ ರಿಜಿಸ್ಟರಿನಲ್ಲಿ ಬರೆದು ಕೊಡುವುದಾದರೆ, ಸರ್ಕಾರದ ಕೈಯಿಂದ ಬಂದದ್ದೆಂಬ ಕಾರಣಕ್ಕೇ ಆ ಅಳುಕು ಹೋಗುತ್ತದೆ. ಹಿರಿಯರಿಗೆ ಸಾಧನ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ, ಶಿಬಿರ ಮಾಡಿ ಹಂಚುತ್ತಾರೆ. ಮೂಳೆ ಮುರಿಯುವುದು ಮಾತ್ರ ಶಿಬಿರದ ದಿನಾಂಕ ನೋಡಿಕೊಂಡಲ್ಲ.

ನಮ್ಮ ಏರ್ ಬೆಡ್ ಅಟ್ಟಕ್ಕೆ ಹೋಗಲಿಲ್ಲ. ಅವ್ವನ ತಿಥಿ ಕಳೆದ ತಿಂಗಳಲ್ಲೇ ಮೇಲಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರ ತಂದೆಗೆ ಲಕ್ವ ಹೊಡೆದು, ಅವರು ಸಂಕೋಚ ಬಿಟ್ಟು ಕೇಳಿದರು. ಅಲ್ಲಿಂದ ಅದು ಒಂದು ಲೈನ್ ಮನೆಗೆ ಹೋಯಿತು. ಎರಡು ಗುಳ್ಳೆಗಳಿಗೆ ಸೈಕಲ್ ಅಂಗಡಿಯವನು ಪ್ಯಾಚ್ ಹಾಕಿದ್ದಾನೆ, ಮೋಟಾರು ಮೊದಲಿಗಿಂತ ಜೋರಾಗಿ ಗುಂಯ್ ಎನ್ನುತ್ತದಂತೆ. ಎರಡೂ ಕಡೆ ಹಾಸಿಗೆಯ ಜೊತೆ ನನ್ನ ಹೆಂಡತಿಯೂ ಹೋಗಿದ್ದಳು. ಲೈನ್ ಮನೆಯ ಸೊಸೆ ಹದಿನೆಂಟು ಇಪ್ಪತ್ತು ವರ್ಷದ ಹುಡುಗಿ, ಅಸ್ಸಾಮಿನ ಕಡೆಯವಳು, ಕನ್ನಡ ಇನ್ನೂ ಅಷ್ಟಾಗಿ ಬರುವುದಿಲ್ಲ. ಮಂಡಿ ಮಡಚುವುದು, ಸೊಂಟಕ್ಕೆ ಕೈಕೊಡುವುದು, ಬೆನ್ನಿಗೆ ಸುರುಳಿ ಒರಗಿಸುವುದನ್ನು ಕೈಯಲ್ಲೇ ತೋರಿಸಿಕೊಟ್ಟು, ಹೊಸ ನೋಟ್ ಪುಸ್ತಕದಲ್ಲಿ ಗಂಟೆಯ ಎದುರಿಗೆ ‘ಎಡ’ ‘ಬಲ’ ಎಂದು ಬರೆಯುವ ಬದಲು ಇವಳು ಬಾಣದ ಗುರುತು ಹಾಕಿಕೊಟ್ಟು ಬಂದಿದ್ದಾಳೆ.